ಖಾಲಿ ಟ್ಯಾಂಕು ಮತ್ತು ಡಿ-3 ಪಿನ್ನು

ಅಕ್ಕನ ಸೆರಗಿನಲ್ಲಿ ತುಕ್ಕಿನ ಕಲೆ ಕಂಡ ದಿನವೇ ನನ್ನ ಮಾತು ಸುಳ್ಳಾಗಿದೆಯೆಂದು ನನಗೆ ತಿಳಿಯಿತು. ಅಂಗೈ ಒರೆಸಿಕೊಂಡ ಹಾಗೆ ಎರಡು ಕಡೆ ಕೆಂಪು ಗೆರೆಗಳಿದ್ದವು. ಆ ತೋಟದಲ್ಲಿ ಅಷ್ಟು ತುಕ್ಕು ಹಿಡಿದ ವಸ್ತು ಒಂದೇ ಇತ್ತು: ಪಂಪಿನ ಕೋಣೆಯ ಗೋಡೆಗೆ ಒರಗಿಸಿದ್ದ ಹನ್ನೊಂದು ಮೆಟ್ಟಿಲಿನ ಕಬ್ಬಿಣದ ಏಣಿ. ಅದನ್ನು ನೀನು ಇನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ ಎಂದು ನಾನು ಅವಳಿಗೆ ಮಾತು ಕೊಟ್ಟು ಒಂದು ತಿಂಗಳೂ ಆಗಿರಲಿಲ್ಲ.

"ಏಣಿ ಏರಿದ್ಯಾ?" ಎಂದೆ.

"ಯಾರು ಹೇಳಿದ್ರು ನಿನಗ?"

"ನಿನ್ನ ಸೆರಗು ಹೇಳ್ತು."

ಅಕ್ಕ ಸೆರಗನ್ನು ಮಡಿಚಿ ಕಲೆಯನ್ನು ಒಳಗೆ ಹಾಕಿಕೊಂಡಳು. "ಏರ್ದೆ. ಏನ್ ಮಾಡ್ಲಿ? ನಿನ್ನ ಡಬ್ಬಿ ಬಾಯಿ ಮುಚ್ಕೊಂಡು ಕುಂತಿತ್ತು, ಗಿಡ ಬಾಯಿ ಬಿಟ್ಕೊಂಡು ನಿಂತಿದ್ವು. ಯಾರ ಮಾತು ಕೇಳ್ಬೇಕಿತ್ತು ನಾನು?"

ಅಕ್ಕನಿಗೆ ಹಿಂದಿನ ವರ್ಷ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ನೆಲದ ಮೇಲೆ ಎಷ್ಟಾದರೂ ನಡೆಯಿರಿ, ಏಣಿ ಮಾತ್ರ ಹತ್ತಬೇಡಿ, ಒಮ್ಮೆ ಜಾರಿದರೆ ಮತ್ತೆ ಸರಿಮಾಡುವುದು ಕಷ್ಟ ಎಂದು ವೈದ್ಯರು ಕೈಮುಗಿದು ಹೇಳಿದ್ದರು. ಹಡಗಲಿಯ ಹೊರವಲಯದಲ್ಲಿರುವ ಅವಳ ಮಲ್ಲಿಗೆ ತೋಟಕ್ಕೆ ನೀರು ಬರುವುದು ಪಂಪಿನ ಕೋಣೆಯ ಮೇಲೆ ಕಟ್ಟಿದ ಸಿಮೆಂಟ್ ಟ್ಯಾಂಕಿನಿಂದ. ಕರೆಂಟು ಬಂದಾಗ ಬೋರಿನ ಮೋಟಾರು ಟ್ಯಾಂಕನ್ನು ತುಂಬಬೇಕು, ಟ್ಯಾಂಕಿನಿಂದ ಹನಿ ಪೈಪುಗಳಲ್ಲಿ ನೀರು ಗಿಡಕ್ಕೆ ಇಳಿಯಬೇಕು. ಟ್ಯಾಂಕು ತುಂಬಿದ ಮೇಲೂ ಮೋಟಾರು ಓಡಿದರೆ ನೀರು ಉಕ್ಕಿ ಕೆಳಗಿನ ಎರಡು ಸಾಲಿನ ಬುಡದಲ್ಲಿ ನಿಲ್ಲುತ್ತದೆ. ನಿಂತ ನೀರನ್ನು ಮಲ್ಲಿಗೆ ತಾಳದು, ಎಲೆ ಹಳದಿಯಾಗುತ್ತದೆ. ಹೀಗಾಗಿ ಟ್ಯಾಂಕಿನಲ್ಲಿ ಇಣುಕದೆ ಯಾರೂ ಸ್ವಿಚ್ಚು ಒತ್ತುವಂತಿಲ್ಲ. ಅವಳ ಮಗ ಬೆಳಗಿನ ಹೂವನ್ನು ಬಸ್ ನಿಲ್ದಾಣಕ್ಕೆ ಒಯ್ದರೆ ಮಧ್ಯಾಹ್ನವೇ ಬರುವುದು; ಸೊಸೆ ಹಗರಿಬೊಮ್ಮನಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವಳು. ಹಗಲಿನ ತೋಟ ಅಕ್ಕನದು. ಅದನ್ನು ಬಿಟ್ಟು ಮನೆಯಲ್ಲಿ ಕೂರು ಎಂದು ಅವಳಿಗೆ ಹೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಇಣುಕುವ ಕೆಲಸವನ್ನು ಅವಳ ಕೈಯಿಂದ ತೆಗೆಯುವುದೊಂದೇ ದಾರಿ. ಅದನ್ನು ನಾನು ಮಾಡುತ್ತೇನೆಂದು ಹೇಳಿದ್ದೆ.

ನಾನು ಏಳನೆಯ ತರಗತಿಯ ಆಚೆಗೆ ಶಾಲೆ ಕಂಡವನಲ್ಲ. ಕೊಟ್ಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತಿ ತಲೆ ಹಣ್ಣು ಮಾಡಿಕೊಂಡವನು. ಸುಟ್ಟ ಮೋಟಾರಿಗೆ ಎಷ್ಟು ಸುತ್ತು ಹಾಕಬೇಕೆಂದು ಅಂಗಡಿಯಲ್ಲಿ ಒಂದು ಪುಸ್ತಕವಿತ್ತು. ಅದನ್ನು ನೋಡಿ ಸುತ್ತುವುದು ಎಲ್ಲರ ರೂಢಿ. ನಾನು ಸುಟ್ಟ ತಂತಿಯನ್ನು ಬಿಚ್ಚುತ್ತ ಒಂದೊಂದೇ ಸುತ್ತು ಎಣಿಸುತ್ತಿದ್ದೆ. "ಏನಲೇ, ಜಪಮಾಲಿ ಹಿಡ್ದೀಯೇನು?" ಎಂದು ನಮ್ಮ ಮೇಸ್ತ್ರಿ ನಗುತ್ತಿದ್ದರು. ಆದರೆ ಪುಸ್ತಕಕ್ಕೂ ಎಣಿಕೆಗೂ ಹೊಂದದ ಮೋಟಾರುಗಳು ಬರುತ್ತಿದ್ದವು, ಮತ್ತು ಎಣಿಸಿ ಸುತ್ತಿದವು ತಿರುಗಿ ಬರುತ್ತಿರಲಿಲ್ಲ. ಇಂಗ್ಲಿಷನ್ನು ತಂತಿಯ ಉರುಳೆಗಳ ಚೀಟಿಯಿಂದ, ಮೋಟಾರಿನ ಕೈಪಿಡಿಗಳಿಂದ, ಹೊಲಿಗೆ ಬಿಚ್ಚಿದ ಒಂದು ನಿಘಂಟಿನಿಂದ ಕಲಿತೆ. ಅಂದಿನಿಂದ ಇಂದಿನವರೆಗೆ ಅಚ್ಚಾದ ಮಾತನ್ನು ಮೀಟರಿನ ಮುಂದೆ ನಿಲ್ಲಿಸದೆ ಒಪ್ಪಿಕೊಂಡದ್ದು ಕಡಿಮೆ. ಈ ಸ್ವಭಾವದಿಂದ ಗೆಳೆಯರು ಹೆಚ್ಚಾಗಲಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ.

ಇಣುಕುವ ಕೆಲಸಕ್ಕೆಂದು ಪುಟ್ಟ ಕಂಪ್ಯೂಟರಿನಂಥ ಒಂದು ಬೋರ್ಡನ್ನು ತಂದದ್ದು ಹರಪನಹಳ್ಳಿಯ ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ. ಉದ್ದದಲ್ಲಿ ಬೆಂಕಿಪೊಟ್ಟಣದಷ್ಟು, ಅಗಲದಲ್ಲಿ ಅದಕ್ಕಿಂತ ಕಿರಿದು. ಎರಡು ಅಂಚಿನಲ್ಲಿ ಹದಿನೈದರಂತೆ ಮೂವತ್ತು ಪಿನ್ನುಗಳು. ಅಂಗಡಿಯವರು ಅದರ ಜೊತೆ ಒಂದು ಹಾಳೆ ಕೊಟ್ಟರು. ಪ್ರತಿ ಪಿನ್ನಿನ ಮುಂದೆ ಅದರ ಕೆಲಸ ಬರೆದಿತ್ತು.

"ಇದ್ನ ನೋಡ್ಕೊಂಡು ವೈರ್ ಹಚ್ರಿ ಯಜಮಾನ್ರ, ಕಣ್ಮುಚ್ಕೊಂಡು ನಡಿತೈತಿ," ಎಂದರು.

"ಕಣ್ಣು ಮುಚ್ಕೊಂಡು ನೋಡೋದು ಹೆಂಗ್ರಿ?" ಎಂದೆ. ಅವರು ನಕ್ಕರು.

ಮೊದಲ ವಾರ ಅದಕ್ಕೆ ಯಾವ ಕೆಲಸವನ್ನೂ ಹೇಳಲಿಲ್ಲ. ತಂತಿಯ ದಪ್ಪ ನೋಡಲು ಇಟ್ಟುಕೊಂಡ ಭೂತಗನ್ನಡಿ ಹಿಡಿದು ಓದಿದೆ. ಒಂದು ತುದಿಯಲ್ಲಿ ಫೋನಿನ ಚಾರ್ಜರು ಹೊಗುವ ಬಾಯಿ, ಅದರ ಎಡಬಲಕ್ಕೆ ಅಕ್ಕಿಕಾಳಿನಂಥ ಎರಡು ಗುಂಡಿ. ಒಂದು ರೀಸೆಟ್: ಒತ್ತಿದರೆ ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ಇನ್ನೊಂದರ ಹೆಸರು ಫ್ಲ್ಯಾಶ್: ಅದನ್ನು ಒತ್ತಿಹಿಡಿದು ಶುರು ಮಾಡಿದರೆ ಬೋರ್ಡು ತನ್ನಲ್ಲಿರುವ ಪ್ರೋಗ್ರಾಮನ್ನು ನಡೆಸದೆ, ಲ್ಯಾಪ್‌ಟಾಪಿನಿಂದ ಹೊಸ ಪ್ರೋಗ್ರಾಮು ಬರಲೆಂದು ಕಾಯುತ್ತದೆ. ಚಾರ್ಜರಿನಿಂದ ಬಂದ ಐದು ವೋಲ್ಟನ್ನು ಮೂರು ಚಿಲ್ಲರೆಗೆ ಇಳಿಸುವ ಒಂದು ಕರಿಯ ತುಣುಕು. ಇನ್ನೊಂದು ತುದಿಯಲ್ಲಿ ತಗಡಿನ ಮುಚ್ಚಳದೊಳಗೆ ಬೋರ್ಡಿನ ಮಿದುಳು ಮತ್ತು ನೆನಪು. ಅದರಾಚೆ ಹಾವು ಹರಿದಂತೆ ಒಂದು ತಾಮ್ರದ ಗೆರೆ.

ಆ ಗೆರೆಯೇ ವೈ-ಫೈ ಅಂಟೆನಾ ಎಂದಿತು ಹಾಳೆ. ನನಗೆ ನಂಬಿಕೆಯಾಗಲಿಲ್ಲ. ಬೋರ್ಡನ್ನು ಸ್ಟೀಲಿನ ಬುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಫೋನಿನ ವೈ-ಫೈ ಪಟ್ಟಿಯಿಂದ ಅದರ ಹೆಸರು ಮಾಯವಾಯಿತು. ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿದೆ, ಹೆಸರು ಬಂತು. ಒಪ್ಪಿದೆ. ಅದನ್ನು ಮೋಟಾರಿನ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಕೆಂದಿದ್ದ ನನ್ನ ಯೋಜನೆಯೂ ಅಲ್ಲಿಗೆ ಮುಗಿಯಿತು.

ಪಿನ್ನುಗಳನ್ನೂ ಹೀಗೆಯೇ ಒಂದೊಂದಾಗಿ ಪ್ರಶ್ನೆ ಕೇಳಿದೆ. ಜಿ.ಎನ್.ಡಿ. ಎಂದು ಬರೆದ ನಾಲ್ಕೂ ಒಳಗೆ ಒಂದಕ್ಕೊಂದು ಕೂಡಿವೆ. ಮೀಟರು ನಾಲ್ಕರಲ್ಲೂ ಕುಂಯ್ ಎಂದಿತು. ಅದು ಸೊನ್ನೆಯ ಜಾಗ, ಎಲ್ಲ ಅಳತೆಯೂ ಅಲ್ಲಿಂದಲೇ. ವಿನ್ ಎಂಬುದರಲ್ಲಿ ಐದಕ್ಕೆ ತುಸು ಕಡಿಮೆ ವೋಲ್ಟು. ಬೋರ್ಡಿನ ಮಾತು ಕೇಳಿ ಸ್ವಿಚ್ಚು ಹಾಕುವ ರಿಲೇಗೆ ಶಕ್ತಿ ಕೊಡಲು ಅದು ಬೇಕು. ಎ-0 ಎಂಬುದೊಂದು ಮಾತ್ರ ಹೆಚ್ಚು-ಕಡಿಮೆಯ ಅಳತೆ ಬಲ್ಲದ್ದು, ಉಳಿದವಕ್ಕೆ ಉಂಟು-ಇಲ್ಲ ಎರಡೇ ಗೊತ್ತು. ಆ ಎ-0 ಒಂದು ವೋಲ್ಟಿಗಿಂತ ಹೆಚ್ಚು ತಾಳದು ಎಂದು ಹಾಳೆಯ ಒಂದು ಕಡೆ, ಮೂರರವರೆಗೆ ತಾಳುತ್ತದೆ ಎಂದು ಇನ್ನೊಂದು ಕಡೆ ಬರೆದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಆ ಪಿನ್ನಿಗೂ ಬೋರ್ಡಿನ ಮಿದುಳಾದ ಚಿಪ್ಪಿಗೂ ನಡುವೆ ವೋಲ್ಟನ್ನು ಹಂಚುವ ಎರಡು ಸಣ್ಣ ರೆಸಿಸ್ಟರುಗಳಿದ್ದವು. ಒಂದು ಸಾಲು ಚಿಪ್ಪಿನ ಮಾತು ಹೇಳಿತ್ತು, ಇನ್ನೊಂದು ಬೋರ್ಡಿನ ಮಾತು. ಎರಡೂ ಅದನ್ನು ಬಿಡಿಸಿ ಹೇಳುವ ತೊಂದರೆ ತೆಗೆದುಕೊಂಡಿರಲಿಲ್ಲ. ಅದೇ ಸಾಲಿನ ಇನ್ನೊಂದಷ್ಟು ಪಿನ್ನುಗಳು ಬೋರ್ಡಿನ ನೆನಪಿಗೆ ಹೋಗುವ ದಾರಿಗಳು; ಅವನ್ನು ಮುಟ್ಟಬಾರದು.

ನಮ್ಮಂಥವರ ಕೆಲಸಕ್ಕೆ ಉಳಿಯುವುದು ಡಿ-0 ರಿಂದ ಡಿ-8 ರವರೆಗಿನ ಒಂಬತ್ತು. ಟ್ಯಾಂಕಿನ ಫ್ಲೋಟ್ ಸ್ವಿಚ್ಚಿಗೆ ನಾನು ಆರಿಸಿದ್ದು ಡಿ-3. ಕಾರಣ ಹಾಳೆಯಲ್ಲಿಯೇ ಇತ್ತು: ಡಿ-3 ಕ್ಕೆ ಬೋರ್ಡಿನಲ್ಲಿಯೇ ಪುಲ್-ಅಪ್ ಇದೆ, ಸ್ವಿಚ್ಚಿಗೆ ಅನುಕೂಲ. ಪುಲ್-ಅಪ್ ಎಂದರೆ ಪಿನ್ನನ್ನು ಯಾರೂ ಎಳೆಯದಿದ್ದಾಗ ಮೂರು ವೋಲ್ಟಿನ ಎತ್ತರದಲ್ಲಿ ಹಿಡಿದು ನಿಲ್ಲಿಸುವ ಒಂದು ರೆಸಿಸ್ಟರು. ಸ್ವಿಚ್ಚು ಅದನ್ನು ಜಿ.ಎನ್.ಡಿ.ಗೆ ಕೂಡಿಸಿದರೆ ಸೊನ್ನೆಗೆ ಇಳಿಯುತ್ತದೆ. ಟ್ಯಾಂಕಿನಿಂದ ಕೆಳಗಿನವರೆಗೆ ಉದ್ದನೆಯ ವೈರು. ಅದಕ್ಕೆ ಇಂಥ ಗಟ್ಟಿ ಹಿಡಿತ ಬೇಕಿತ್ತು. ಅಳೆದು ನೋಡಿದೆ. ಬಿಟ್ಟಾಗ ಮೂರು, ಕೂಡಿಸಿದಾಗ ಸೊನ್ನೆ. ಹಾಳೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಫ್ಲೋಟು ಸರಳವಾದ ವಸ್ತು. ಟ್ಯಾಂಕು ಖಾಲಿಯಾದರೆ ಜೋತು ಬಿದ್ದು ಎರಡು ವೈರನ್ನು ಕೂಡಿಸುತ್ತದೆ. ತುಂಬಿದರೆ ತೇಲಿ ಬಿಡಿಸುತ್ತದೆ. ಕೂಡಿದಾಗ ಬೋರ್ಡು ಡಿ-1 ರಿಂದ ರಿಲೇಗೆ ಹೇಳಬೇಕು, ರಿಲೇ ಮೋಟಾರಿನ ಸ್ಟಾರ್ಟರಿಗೆ ಹೇಳಬೇಕು, ಜೊತೆಗೆ ಮನೆಯ ವೈ-ಫೈ ಹಿಡಿದು ಅಕ್ಕನ ಫೋನಿಗೆ ಒಂದು ಸಾಲು ಕಳಿಸಬೇಕು. ಸೊಸೆ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮನ್ನು ಎರಡು ಬೆರಳಿನಿಂದ ಕುಟ್ಟಿ ಬರೆದೆ.

ಕೂಡಿಸುವ ದಿನ ಅಕ್ಕ ಕುಂಕುಮ, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ ಹಿಡಿದು ಪಂಪಿನ ಕೋಣೆಗೆ ಬಂದಳು. ನಾನು ಚಾರ್ಜರಿನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ತಡೆದಳು.

"ಟ್ಯಾಂಕು ತುಂಬೈತೇನು?"

"ಇಲ್ಲ. ಖಾಲಿ ಐತಿ. ತುಂಬ್ಸೋದ ಇದರ ಕೆಲ್ಸ."

"ಬರಿದು ಪಾತ್ರಿ ಮುಂದ ಇಟ್ಕೊಂಡು ಯಾರರ ಹೊಸ ಕೆಲ್ಸ ಸುರು ಮಾಡ್ತಾರೇನು? ಹೊಸ ಮನಿ ಹೊಗೋವಾಗ ತುಂಬಿದ ಕೊಡ ತಗೊಂಡು ಹೋಗ್ತಾರೋ, ಬರಿದು ಕೊಡಾನೋ? ಮೊದ್ಲು ತುಂಬ್ಸು, ಆಮ್ಯಾಲ ನಿನ್ ಡಬ್ಬಿ ಹಚ್ಚು."

ಇಂಥ ಮಾತಿಗೆ ನಾನು ಸಾಮಾನ್ಯವಾಗಿ ವಾದ ಮಾಡುತ್ತೇನೆ. ಅಂದು ಮಾಡಲಿಲ್ಲ. ಅವಳ ತೋಟ, ಅವಳ ಟ್ಯಾಂಕು. ಒಂದು ಸಲ ತುಂಬಿಸಿದರೆ ಕಳೆದುಕೊಳ್ಳುವುದೇನು ಎನಿಸಿತು. ಸ್ಟಾರ್ಟರಿನ ಗುಂಡಿ ಒತ್ತಿ ಟ್ಯಾಂಕು ತುಂಬಿಸಿದೆವು. ಪ್ಲಾಸ್ಟಿಕ್ ಡಬ್ಬಿಗೆ ಕುಂಕುಮವಾಯಿತು, ಕಾಯಿ ಒಡೆಯಿತು. ಸ್ವಿಚ್ಚು ಹಾಕಿದೆ. ನೀಲಿ ದೀಪ ಮಿನುಗಿತು. ವಾಲ್ವು ತೆರೆದು ನೀರನ್ನು ಗಿಡಕ್ಕೆ ಬಿಟ್ಟೆವು. ಟ್ಯಾಂಕು ಇಳಿದಾಗ ರಿಲೇ ಟಕ್ ಎಂದಿತು, ಮೋಟಾರು ಗುಡುಗಿತು, ಅಕ್ಕನ ಸೊಂಟದಲ್ಲಿ ಫೋನು ನಡುಗಿತು.

"ಅಯ್ಯ! ತಾನಾಗೇ ಎದ್ದು ಕೆಲ್ಸಕ್ಕ ಹೋತಲ್ಲೋ!" ಎಂದಳು. ಆಗಲೇ ನಾನು ಏಣಿಯ ಮಾತು ಕೊಟ್ಟದ್ದು.

ಮುಂದಿನ ದಿನಗಳಲ್ಲಿ ಇನ್ನೂ ಎರಡು ಸಲ ಬಂದು ಪರೀಕ್ಷೆ ಮಾಡಿದೆ. ಎರಡು ಸಲವೂ ಅಕ್ಕ ಟ್ಯಾಂಕು ತುಂಬಿದ ಮೇಲೆಯೇ ನನ್ನನ್ನು ಸ್ವಿಚ್ಚಿನ ಹತ್ತಿರ ಬಿಟ್ಟಳು. ಎರಡು ಸಲವೂ ಯಂತ್ರ ತಪ್ಪಲಿಲ್ಲ. ನಾನು ನೆಮ್ಮದಿಯಿಂದ ಕೊಟ್ಟೂರಿನ ಬಸ್ಸು ಹತ್ತಿದೆ.

ಆಮೇಲೆ ಕಂಡದ್ದು ತುಕ್ಕಿನ ಕಲೆ.

ಕೇಳಿದರೆ ಅಕ್ಕ ಹೇಳಿದ್ದು ಇಷ್ಟು: ಕೆಲವು ದಿನ ಕರೆಂಟು ಹೋಗಿ ಬಂದರೂ ಡಬ್ಬಿ ಸರಿಯಾಗಿ ಎದ್ದು ಕೆಲಸ ಮಾಡುತ್ತದೆ. ಕೆಲವು ದಿನ ಕರೆಂಟು ಬಂದರೂ ಏಳುವುದಿಲ್ಲ. ಫೋನಿಗೆ ಸುದ್ದಿಯಿಲ್ಲ, ಮೋಟಾರಿಲ್ಲ. ಹಾಗಾದ ದಿನ ಟ್ಯಾಂಕು ತುಂಬಿದೆಯೋ ಖಾಲಿಯೋ ತಿಳಿಯಲು ಅವಳು ಏಣಿ ಹತ್ತಿ, ಇಳಿದು, ಸ್ಟಾರ್ಟರಿನ ಗುಂಡಿ ಒತ್ತಿದ್ದಳು.

"ಮನಸ್ಸು ಬಂದ್ರ ಮಾಡತೈತಿ, ಇಲ್ಲಾಂದ್ರ ಇಲ್ಲ. ಥೇಟ್ ನಿಮ್ಮ ಭಾವನಂಗ," ಎಂದಳು. ತೀರಿಹೋದ ಗಂಡನನ್ನು ಅವಳು ನೆನೆಯುವ ರೀತಿಯೇ ಅದು.

"ಯಂತ್ರಕ್ಕ ಮನಸ್ಸಿಲ್ಲ, ಅಕ್ಕ."

"ಹಂಗಾದ್ರ ಅದಕ್ಕೇನು ಬ್ಯಾನಿ ಹೇಳು. ಹೇಳಾಕಾಗದಿದ್ರ ಬಿಡು. ಏಣಿ ನನಗ ಹೊಸದಲ್ಲ."

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಬೋರ್ಡನ್ನು ಬಿಚ್ಚಿಕೊಂಡು ಹರಪನಹಳ್ಳಿಗೆ ಹೋದೆ. ಅಂಗಡಿಯ ಮೇಜಿನ ಮೇಲೆ ಅದು ಒಂದೇ ಏಟಿಗೆ ಎದ್ದಿತು. ಅಂಗಡಿಯವರು ಹತ್ತು ಸಲ ಆರಿಸಿ ಹಚ್ಚಿ ತೋರಿಸಿದರು.

"ಬೋರ್ಡ್ ಗಟ್ಟಿ ಐತ್ರಿ ಯಜಮಾನ್ರ. ನಿಮ್ ಕಡೆ ಕರೆಂಟ್ ಸರಿಯಿಲ್ಲ. ಚಾರ್ಜರ್ ಬದಲಿ ಮಾಡ್ರಿ."

ಚಾರ್ಜರು ಬದಲಿಸಿದೆ. ಎರಡು ದಿನಕ್ಕೆ ಬೋರ್ಡು ಮತ್ತೆ ಮಲಗಿತು. ಇನ್ನೊಂದು ಬೋರ್ಡು ತಂದೆ. ಅದೂ ಅದೇ ದಾರಿ ಹಿಡಿಯಿತು. ಪ್ರೋಗ್ರಾಮಿನಲ್ಲಿಯೇ ತಪ್ಪಿರಬೇಕು ಮಾವ ಎಂದಳು ಸೊಸೆ. ಅವಳೊಂದಿಗೆ ಕೂತು ಸಾಲುಸಾಲು ಓದಿದೆ, ತಪ್ಪಿರಲಿಲ್ಲ. ಕರೆಂಟು ಎಂದರು, ಚಾರ್ಜರು ಎಂದರು, ಪ್ರೋಗ್ರಾಮು ಎಂದರು. ಯಾರೂ ಆ ಬೋರ್ಡು ಸತ್ತ ಘಳಿಗೆಯಲ್ಲಿ ಅದರ ಪಕ್ಕದಲ್ಲಿ ನಿಂತವರಲ್ಲ. ನಾನೂ ನಿಂತಿರಲಿಲ್ಲ. ಅದು ತಿಳಿದ ಮೇಲೆ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಮೀಟರು ತುಂಬಿಕೊಂಡು ಅಕ್ಕನ ಮನೆಗೆ ಬಂದೆ. ರೋಗ ಸಿಕ್ಕದೆ ಕೊಟ್ಟೂರಿನ ಮುಖ ನೋಡುವುದಿಲ್ಲ ಎಂದು ಹೇಳಿಯೇ ಬಂದೆ.

"ಎಷ್ಟು ದಿನ ಇರ್ತಿ?" ಎಂದಳು ಅಕ್ಕ.

"ಸಿಗೋತನ."

"ಹಂಗಾದ್ರ ರೊಟ್ಟಿ ಹಿಟ್ಟು ಜಾಸ್ತಿನ ಬೀಸಿಸ್ತೀನಿ."

ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಬಿಸಿಲು ಎಷ್ಟಿತ್ತು, ಮನೆಯ ವೈ-ಫೈ ದೀಪ ಹೇಗಿತ್ತು, ವೋಲ್ಟು ಎಷ್ಟು, ಟ್ಯಾಂಕಿನಲ್ಲಿ ನೀರು ಎಷ್ಟು, ಬೋರ್ಡು ಎದ್ದಿತೇ. ಯಾವುದು ಮುಖ್ಯವೆಂದು ಗೊತ್ತಿಲ್ಲದಿದ್ದಾಗ ಎಲ್ಲವನ್ನೂ ಬರೆಯಬೇಕು. ನೀರು ನೋಡಲು ಏಣಿ ಹತ್ತುತ್ತಿದ್ದವನು ಈಗ ನಾನು. ಅಕ್ಕ ಕೆಳಗೆ ಬೇವಿನ ನೆರಳಲ್ಲಿ ಕೂತು ಹೂ ಕಟ್ಟುತ್ತ ಎಣಿಸುತ್ತಿದ್ದಳು: "ಏಳು... ಎಂಟು... ಹುಷಾರು, ಒಂಬತ್ತನೇದು ಅಲ್ಲಾಡ್ತೈತಿ. ನನ್ ಮೊಣಕಾಲು ಉಳಿಸಾಕ ಬಂದು ನಿನ್ ಸೊಂಟ ಮುರ್ಕೊಂಡಿ ಅಂದ್ರ ರೊಟ್ಟಿ ಯಾರು ಹಾಕ್ತಾರ ನಿನಗ?"

ಐದನೆಯ ದಿನದ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಒಂಬತ್ತು ಸಾಲುಗಳಾಗಿದ್ದವು. ಐದು ಸಲ ಬೋರ್ಡು ಎದ್ದಿತ್ತು, ನಾಲ್ಕು ಸಲ ಎದ್ದಿರಲಿಲ್ಲ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ವೋಲ್ಟಿಗೂ ಇಲ್ಲ. ವೈ-ಫೈಗೂ ಇಲ್ಲ. ಬೆರಳಿಟ್ಟು ನೀರಿನ ಸಾಲಿಗೆ ಬಂದೆ. ಏಳದಿದ್ದ ನಾಲ್ಕೂ ಸಲ ಅದರ ಮುಂದೆ ನನ್ನದೇ ಅಕ್ಷರದಲ್ಲಿ "ಖಾಲಿ" ಎಂದಿತ್ತು. ಎದ್ದ ಐದರಲ್ಲಿ ಒಂದರ ಮುಂದೆಯೂ ಆ ಮಾತಿರಲಿಲ್ಲ.

ಮನೆಯ ಮುಂದಿನ ಕಟ್ಟೆಯ ಮೇಲೆ ಬೋರ್ಡು ಇಟ್ಟುಕೊಂಡೆ. ಫ್ಲೋಟಿನ ಬದಲು ಡಿ-3 ರಿಂದ ಒಂದು, ಜಿ.ಎನ್.ಡಿ.ಯಿಂದ ಒಂದು ತುಂಡು ವೈರು. ತುದಿ ಬಿಡಿಸಿ ಚಾರ್ಜರು ಹಚ್ಚಿದೆ: ಎದ್ದಿತು. ಎದ್ದ ಮೇಲೆ ತುದಿ ಕೂಡಿಸಿದೆ: ರಿಲೇ ಟಕ್ ಎಂದಿತು, ಎಲ್ಲ ಸರಿ. ಆರಿಸಿದೆ. ಈಗ ಮೊದಲೇ ತುದಿ ಕೂಡಿಸಿಟ್ಟು ಚಾರ್ಜರು ಹಚ್ಚಿದೆ. ಬೋರ್ಡು ಕಲ್ಲಿನಂತೆ ಕೂತಿತ್ತು. ರೀಸೆಟ್ ಒತ್ತಿದರೂ ಏಳಲಿಲ್ಲ. ತುದಿ ಬಿಡಿಸಿ ಒತ್ತಿದೆ, ಎದ್ದಿತು. ಆರೆಂಟು ಸಲ ಮಾಡಿದೆ, ಒಮ್ಮೆಯೂ ತಪ್ಪಲಿಲ್ಲ. ರೋಗ ಇದ್ದದ್ದು ಕೆಲಸದ ಹೊತ್ತಿನಲ್ಲಿ ಅಲ್ಲ, ಏಳುವ ಆ ಒಂದು ಕ್ಷಣದಲ್ಲಿ. ನಾನು ಡಿ-3 ನ್ನು ಅಳೆದದ್ದೆಲ್ಲ ಬೋರ್ಡು ಎಚ್ಚರವಿದ್ದಾಗ.

ಏಕೆಂಬುದು ಇನ್ನೂ ತಿಳಿದಿರಲಿಲ್ಲ. ಬೋರ್ಡನ್ನು ಆರಿಸಿ, ಮೀಟರಿನ ಒಂದು ಮುಳ್ಳನ್ನು ಡಿ-3 ರ ಮೇಲಿಟ್ಟು ಇನ್ನೊಂದನ್ನು ಬೋರ್ಡಿನ ಮೇಲೆಲ್ಲ ಆಡಿಸಿದೆ, ಈ ಪಿನ್ನು ಬೇರೆ ಎಲ್ಲೆಲ್ಲಿಗೆ ಹೋಗಿದೆ ನೋಡೋಣ ಎಂದು. ಚಾರ್ಜರಿನ ಬಾಯಿಯ ಪಕ್ಕದಲ್ಲಿ ಮೀಟರು ಕೂಗಿತು. ಭೂತಗನ್ನಡಿ ಹಿಡಿದೆ. ಮುಳ್ಳು ಕೂತದ್ದು ಫ್ಲ್ಯಾಶ್ ಗುಂಡಿಯ ಕಾಲಿನ ಮೇಲೆ. ಗುಂಡಿಯ ಇನ್ನೊಂದು ಕಾಲು ಜಿ.ಎನ್.ಡಿ.ಗೆ ಹೋಗಿತ್ತು.

ಅಂದರೆ ಆ ಗುಂಡಿ ಒತ್ತಿದಾಗ ಆಗುವುದೂ, ನಮ್ಮ ಟ್ಯಾಂಕು ಖಾಲಿಯಾದಾಗ ಆಗುವುದೂ ಒಂದೇ. ಜೋತುಬಿದ್ದ ಫ್ಲೋಟು ಅಷ್ಟು ದೂರದಿಂದ ಆ ಗುಂಡಿಯ ಮೇಲೆ ಬೆರಳಿಟ್ಟು ಕೂತಿತ್ತು. ಕರೆಂಟು ಬಂದಾಗ ಬೋರ್ಡು ಕಣ್ಣು ಬಿಡುತ್ತಲೇ ಆ ಬೆರಳನ್ನು ಕಂಡು, ಯಾರೋ ಹೊಸ ಪ್ರೋಗ್ರಾಮು ಕೊಡುತ್ತಾರೆಂದು ಕಾಯತೊಡಗುತ್ತಿತ್ತು. ಅದು ಕೆಟ್ಟಿರಲಿಲ್ಲ, ಹೇಳಿದ ಮಾತನ್ನು ಕೇಳುತ್ತಿತ್ತು.

ಅಕ್ಕನನ್ನು ಕರೆದು ತೋರಿಸಿದೆ. ಅವಳು ಬೋರ್ಡನ್ನಲ್ಲ, ನನ್ನ ಮುಖವನ್ನೇ ನೋಡುತ್ತ ಕೇಳಿದಳು.

"ಟ್ಯಾಂಕು ಬರಿದಿದ್ದಾಗ ಎಬ್ಬಿಸಿದ್ರ, ಇದು ಪಾಟಿ ಹಿಡ್ಕೊಂಡು ಮಾಸ್ತರ್ ಬರ್ಲಿ ಅಂತ ಕೂರತೈತಿ ಅಂದಂಗಾತು."

"ಹೂಂ. ಅಷ್ಟ."

"ಮತ್ತ ಟ್ಯಾಂಕು ಬರಿದಾದಾಗ್ಲೇ ಅಲ್ಲೇನು ಇದು ಬೇಕಾಗೋದು? ತುಂಬಿದಾಗ ಯಾರಿಗೆ ಬೇಕು?"

ಹೇಳದೆ ಇರಲಾರದೆ ಹೇಳಿದೆ: "ಅವತ್ತು ಪೂಜಿ ದಿನ ಬರಿದು ಟ್ಯಾಂಕಿನಾಗ ಹಚ್ಚಿದ್ರ ಅವತ್ತೇ ಗೊತ್ತಾಗ್ತಿತ್ತು."

"ನನ್ ಮ್ಯಾಲ ಹಾಕಬ್ಯಾಡ ಲೇ ತಮ್ಮ! ಹುಟ್ಟಿದಾಗಿಂದ ಯಾರ ಮಾತು ಕೇಳ್ದಾಂವ ನೀನು? ಅಪ್ಪನ ಮಾತು ಕೇಳ್ಲಿಲ್ಲ, ಮಾಸ್ತರ ಮಾತು ಕೇಳ್ಲಿಲ್ಲ. ಅವತ್ತೊಂದಿನ ನನ್ ಮಾತು ಯಾಕ ಕೇಳಾಕ ಹೋದಿ?"

ತುಂಬಿದ ಕೊಡದ ರೂಢಿಯನ್ನು ನಾನು ನಂಬಿದ್ದಲ್ಲ. ಅದರಿಂದ ಹಾನಿಯಿಲ್ಲ ಎಂದುಕೊಂಡೆ, ಹಾನಿಯಿಲ್ಲವೆಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ಅಚ್ಚಿನ ಹಾಳೆಯ ಪ್ರತಿ ಸಾಲನ್ನು ಅನುಮಾನಿಸಿದವನು ನನ್ನ ಪರೀಕ್ಷೆಯನ್ನೇ ಅನುಮಾನಿಸಲಿಲ್ಲ. ಯಂತ್ರ ಯಾವ ಕಷ್ಟದಲ್ಲಿ ಬೇಕೋ ಆ ಕಷ್ಟದಲ್ಲಿ ಅದನ್ನು ಒಮ್ಮೆಯೂ ಎಬ್ಬಿಸದೆ ಅಕ್ಕನಿಗೆ ಮಾತು ಕೊಟ್ಟಿದ್ದೆ. ತಪ್ಪು ಅವಳ ಕುಂಕುಮದ್ದಲ್ಲ, ನನ್ನದು.

ವೈರನ್ನು ಬೇರೆ ಪಿನ್ನಿಗೆ ಬದಲಿಸಿದರೆ ಅಂದೇ ಕೆಲಸ ಮುಗಿಯುತ್ತಿತ್ತು. ಮುಗಿಸಲಿಲ್ಲ. ಯಾವ ಪಿನ್ನು ಏಳುವ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹಾಳೆ ಹೇಳದಿದ್ದ ಮೇಲೆ ಒಂಬತ್ತನ್ನೂ ನಾನೇ ಕೇಳಬೇಕಿತ್ತು. ಎರಡು ದಿನ ಕಟ್ಟೆ ಬಿಟ್ಟು ಏಳಲಿಲ್ಲ. ಪ್ರತಿ ಪಿನ್ನನ್ನೂ ಒಮ್ಮೆ ಸೊನ್ನೆಗೆ ಎಳೆದು, ಒಮ್ಮೆ ರೆಸಿಸ್ಟರಿನ ಮೂಲಕ ಮೂರಕ್ಕೆ ಎತ್ತಿ, ಒಮ್ಮೆ ಸಣ್ಣ ದೀಪ ಕಟ್ಟಿ ಬೋರ್ಡನ್ನು ಎಬ್ಬಿಸಿದೆ. ಡಿ-4 ಕೂಡ ಡಿ-3 ರ ಜಾತಿಯೇ: ಏಳುವಾಗ ಕೆಳಗೆ ಎಳೆದರೆ ಬೋರ್ಡು ಏಳದು. ಬೋರ್ಡಿನ ನೀಲಿ ದೀಪವೂ ಅದಕ್ಕೇ ಸೇರಿದೆ. ಡಿ-8 ಇದಕ್ಕೆ ತಿರುವುಮುರುವು: ಅದನ್ನು ಮೇಲೆತ್ತಿದರೆ ಏಳದು. ಡಿ-0 ಏಳಲು ಅಡ್ಡಿ ಮಾಡದು, ಆದರೆ ಅದಕ್ಕೆ ಕಟ್ಟಿದ ದೀಪ ಶುರುವಿನಲ್ಲೇ ಒಮ್ಮೆ ಬೆಳಗುತ್ತದೆ. ಅಲ್ಲಿ ರಿಲೇ ಇದ್ದಿದ್ದರೆ ಕರೆಂಟು ಬಂದಾಗಲೆಲ್ಲ ಮೋಟಾರು ಸುಮ್ಮನೆ ಬೆಚ್ಚಿಬೀಳುತ್ತಿತ್ತು. ಡಿ-1, ಡಿ-2, ಡಿ-5, ಡಿ-6, ಡಿ-7: ಈ ಐದು ಹೇಗೆ ಕಾಡಿದರೂ ತಂಟೆ ಮಾಡಲಿಲ್ಲ. ರಿಲೇಯನ್ನು ಡಿ-1 ರಲ್ಲಿಯೇ ಬಿಟ್ಟೆ. ಫ್ಲೋಟನ್ನು ಡಿ-5 ಕ್ಕೆ ತಂದು, ಅದಕ್ಕಿಲ್ಲದ ಪುಲ್-ಅಪ್ಪನ್ನು ಒಂದು ರೆಸಿಸ್ಟರಿನಿಂದ ನಾನೇ ಬೆಸೆದೆ. ಪ್ರೋಗ್ರಾಮಿನಲ್ಲಿ ಒಂದು ಅಂಕೆ ಬದಲಾಯಿತು.

"ಈಗ ಸರಿ ಆತು, ಅಕ್ಕ. ಇನ್ನ ಏಣಿ..."

"ಮಾತು ಕೊಡಬ್ಯಾಡ," ಎಂದು ತಡೆದಳು. "ಈ ಸಲ ಪರೀಕ್ಷಿ ನಂದು. ಐದು ಸಲ ಕರೆಂಟು ಹೋಗ್ಬೇಕು, ಬರ್ಬೇಕು. ಐದು ಸಲನೂ ಟ್ಯಾಂಕು ಬರಿದಿರ್ಬೇಕು. ನೀ ಸ್ವಿಚ್ ಮುಟ್ಟಂಗಿಲ್ಲ, ಡಬ್ಬಿ ಮುಟ್ಟಂಗಿಲ್ಲ. ಅಲ್ಲಿತನ ಏಣಿ ಅಲ್ಲೇ ಇರ್ಲಿ."

ಅದಕ್ಕಿಂತ ಸರಿಯಾದ ಪರೀಕ್ಷೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕರೆಂಟು ಹೋದ ಕೂಡಲೇ ಅವಳು ವಾಲ್ವು ತೆರೆದು ಇದ್ದ ನೀರನ್ನೆಲ್ಲ ಗಿಡಕ್ಕೆ ಬಿಡುತ್ತಿದ್ದಳು. ನಾನು ಹತ್ತಿ ಫ್ಲೋಟು ಜೋತುಬಿದ್ದಿದೆಯೆಂದು ಕೂಗುತ್ತಿದ್ದೆ. ಇಬ್ಬರೂ ಬೇವಿನ ನೆರಳಿಗೆ ಬಂದು ಕೂರುತ್ತಿದ್ದೆವು. ಮೊದಲ ಸಲ ಕರೆಂಟು ಬಂದಾಗ ಒಂದೆರಡು ಕ್ಷಣ ಏನೂ ಆಗಲಿಲ್ಲ. ಅಕ್ಕ ನನ್ನತ್ತ ನೋಡಿದಳು. ಟಕ್ ಎಂದಿತು. ಮೋಟಾರು ಎದ್ದಿತು. ಅವಳು ಹೂ ಕಟ್ಟುವ ದಾರದ ತುದಿಗೆ ಒಂದು ಗಂಟು ಹಾಕಿದಳು.

ಎರಡನೆಯ ಗಂಟು ಮರುದಿನ ಬಿತ್ತು. ಮೂರನೆಯದಕ್ಕೆ ಎರಡು ದಿನ ಕಾಯಬೇಕಾಯಿತು. ಎಂದೂ ಹೇಳದೆ ಹೋಗುವ ಕರೆಂಟು ನಾವು ಕಾಯುವಾಗ ಹೋಗಲೇ ಇಲ್ಲ. "ನೋಡು, ಇದಕ್ಕೂ ನಿನ್ ಮ್ಯಾಲ ಸಿಟ್ಟು," ಎಂದಳು ಅಕ್ಕ. ಆ ಬಿಡುವಿನಲ್ಲಿ ಹರಪನಹಳ್ಳಿಗೆ ಹೋಗಿ ಬಂದೆ. ಪೆನ್ಸಿಲ್ಲಿನಲ್ಲಿ ತಿದ್ದಿದ ಹಾಳೆಯನ್ನು ಅಂಗಡಿಯವರ ಮುಂದಿಟ್ಟೆ. ಅವರು ಓದಿ, ಫೋನು ತೆಗೆದು ಏನನ್ನೋ ಹುಡುಕಿದರು.

"ಇದೆಲ್ಲಾ ನೆಟ್‌ನಾಗ ಐತಲ್ರಿ ಯಜಮಾನ್ರ. ನೋಡ್ರಿ, ನೀವು ಬರ್ದಂಗೆ ಐತಿ."

ನೋಡಿದೆ. ಇತ್ತು. ಒಂಬತ್ತರಲ್ಲಿ ಒಂಬತ್ತೂ ಹೊಂದುತ್ತಿದ್ದವು. ನನಗೆ ನಾಚಿಕೆಯಾಗಬೇಕಿತ್ತೇನೋ, ಆದದ್ದು ಸಂತೋಷ. "ನೆಟ್‌ನಾಗ ಇದ್ರ ನೀವು ಕೊಟ್ಟ ಹಾಳ್ಯಾಗ ಯಾಕಿಲ್ಲ?" ಎಂದೆ. ಅವರು ಎರಡನ್ನೂ ಮತ್ತೊಮ್ಮೆ ನೋಡಿ, ನನ್ನ ಪೆನ್ಸಿಲ್ ಹಾಳೆಯನ್ನು ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಕೊಂಡರು.

ಐದನೆಯ ಸಲ ಕರೆಂಟು ಹೋದದ್ದು ಒಂದು ಸೋಮವಾರ ಬೆಳಗಿನ ಹನ್ನೊಂದರ ಸುಮಾರಿಗೆ. ಟ್ಯಾಂಕು ಬರಿದಾಯಿತು. ಫ್ಲೋಟು ನೋಡಿ ಇಳಿದು ಬಂದೆ. ಅಕ್ಕ ನಾಲ್ಕು ಗಂಟಿನ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಬೆಳಗಿನ ವ್ಯಾಪಾರಕ್ಕೆ ಹೋಗದೆ ಉಳಿದು ಅರಳಿದ ಹೂವನ್ನು ಕಟ್ಟುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪಂಪಿನ ಕೋಣೆಯಲ್ಲಿ ಕರೆಂಟು ಬಂದದ್ದನ್ನು ತೋರಿಸುವ ಕೆಂಪು ದೀಪ ಹತ್ತಿತು. ಅಕ್ಕ ತಲೆ ಎತ್ತಲಿಲ್ಲ. ಟಕ್ ಎಂದಿತು, ಮೋಟಾರು ಗುಡುಗಿತು, ಅವಳ ಮಡಿಲಲ್ಲಿ ಫೋನು ನಡುಗಿತು.

"ಏನ್ ಬರ್ದೈತಿ ಓದು. ನನ್ ಕೈ ಒದ್ದಿ ಐತಿ."

"ಟ್ಯಾಂಕು ಖಾಲಿ. ಮೋಟಾರು ಶುರು."

ಐದನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಏಳು, ಆ ಕಡಿ ಹಿಡಿ."

"ಏನನ್ನ?"

"ಏಣಿ. ಮಲ್ಲಿಗಿ ಕಡ್ಡಿ ನೆಟ್ಟ ಚೀಲ ನೆಲದ ಮ್ಯಾಲ ಇಟ್ರ ಗೆದ್ದಲು ಹತ್ತತಾವ. ನೆಳ್ಳಾಗ ನಾಕು ಕಲ್ಲಿನ ಮ್ಯಾಲ ಇದನ್ನ ಅಡ್ಡ ಹಾಕು, ಅದರ ಮ್ಯಾಲ ಹಲಗಿ ಹಾಕಿದ್ರ ಸಾಲಾಗಿ ಕೂರ್ತಾವ. ಟ್ಯಾಂಕು ತೊಳಿಯೋ ದಿನ ಮಗ ಬೇಕಾದ್ರ ಎತ್ಕೊಳ್ಲಿ."

ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಯನ್ನು, ಬೇಡವೆಂದರೂ ಕೇಳದೆ, ಅವಳು ಹಿಡಿದಳು; ನೆಲದ ಮೇಲೆ ನಡೆಯಲು ಅಡ್ಡಿಯಿಲ್ಲವೆಂದು ವೈದ್ಯರೇ ಹೇಳಿದ್ದಾರಲ್ಲ. ಗೋಡೆಯಿಂದ ಏಣಿ ಬಿಟ್ಟು ಬಂತು. ಹಿಂದೆ ಸುಣ್ಣದ ಮೇಲೆ ಎರಡು ಉದ್ದನೆಯ ಕೆಂಪು ಗೆರೆ ಉಳಿದವು. ಬೇವಿನ ನೆರಳಿಗೆ ಒಯ್ದು ಇಳಿಸಿದೆವು. ಅಕ್ಕ ಕೈ ನೋಡಿಕೊಂಡಳು, ಸೆರಗಿಗೆ ಒರೆಸಲು ಹೋದವಳು ನಿಂತು, ನನ್ನ ಹೆಗಲಿನ ಟವೆಲ್ಲನ್ನು ಎಳೆದುಕೊಂಡು ಅದಕ್ಕೆ ಒರೆಸಿದಳು.